ಹಳೇ ಮಿಯಾಟಾ ತಗೊಂಡೆ: ಕ್ಲಚ್ ಕುಸಿಯುತ್ತೆ, ಕಾರ್ಪೆಟ್ ಒದ್ದೆ, ಹಿಂದೆ ಆಯಿಲ್ ಹನಿ. ಎಲ್ಲಿಂದ ಶುರು ಮಾಡಲಿ?

ತೆರೆದಮಾಡು

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಆಸೆ ಕೊನೆಗೂ ಕೈಗೂಡಿತು. 1990ರ ಮಾಜ್ದಾ ಎಂಎಕ್ಸ್-5 ತಗೊಂಡಿದ್ದೇನೆ. ಮಿಯಾಟಾ ಅಂತಾರಲ್ಲ, ಬಟ್ಟೆ ಮಾಡು ತೆರೆಯುವ ಎರಡು ಸೀಟಿನ ಗಾಡಿ, ಅದೇ. ಮೊದಲನೇ ತಲೆಮಾರಿನದು, ಹೆಡ್‌ಲೈಟ್ ಕಪ್ಪೆ ಕಣ್ಣಿನ ಹಾಗೆ ಎದ್ದು ನಿಲ್ಲುತ್ತಲ್ಲ, ಆ ಗಾಡಿ. 1.6 ಲೀಟರ್ ಎಂಜಿನ್, ಐದು ಗೇರು. ಮೀಟರ್ 1,48,000 ಕಿ.ಮೀ. ತೋರಿಸುತ್ತೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಪೇಂಟ್ ಫಳಫಳ ಅನ್ನುತ್ತಿದೆ.

ಆದರೆ ತಂದ ವಾರಕ್ಕೇ ಒಂದೊಂದಾಗಿ ಶುರುವಾಗಿದೆ. ಬೆಳಿಗ್ಗೆ ಮೊದಲ ಸಲ ಕ್ಲಚ್ ತುಳಿದರೆ ಪೆಡಲ್ ಸುಮ್ನೆ ನೆಲಕ್ಕೆ ಇಳಿದುಬಿಡುತ್ತೆ. ಮೂರ್ನಾಲ್ಕು ಸಲ ತುಳಿದ ಮೇಲೆ ಗಟ್ಟಿಯಾಗುತ್ತೆ. ಮಳೆ ಬಂದ ಮಾರನೇ ದಿನ ಸೀಟಿನ ಹಿಂದಿನ ಕಾರ್ಪೆಟ್ ಹಿಂಡಿದರೆ ನೀರು ಬರುತ್ತೆ. ಎಂಜಿನ್ನು ಗೇರ್‌ಬಾಕ್ಸು ಸೇರುವ ಜಾಗದಿಂದ ಆಯಿಲ್ ಹನಿಯುತ್ತೆ. ಒಬ್ಬ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, "ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ತಣ್ಣಗಿದ್ದಾಗ ಎಂಜಿನ್ ಟಿಕ್ ಟಿಕ್ ಅಂತ ಬೇರೆ ಅನ್ನುತ್ತೆ.

ನನಗೆ ಪ್ಲಗ್ಗು, ಆಯಿಲ್ಲು, ಬ್ರೇಕ್ ಪ್ಯಾಡ್ ಬದಲಾಯಿಸಿ ಗೊತ್ತು. ಅದಕ್ಕಿಂತ ಮುಂದೆ ಹೋಗಿಲ್ಲ. ಸದ್ಯಕ್ಕೆ ಹೊಸ ಕಾಯಿಲ್‌ಓವರ್ ಸಸ್ಪೆನ್ಷನ್ನು, ಒಳ್ಳೇ ಸೈಲೆನ್ಸರ್ ಹಾಕಿಸೋಣ, ಉಳಿದದ್ದು ಆಮೇಲೆ ನೋಡೋಣ ಅಂತಿದ್ದೇನೆ. ಸರೀನಾ?

ನಾಲ್ಕನೇಗೇರು

ಮೊದಲು ಅಭಿನಂದನೆ. ಸಸ್ಪೆನ್ಷನ್ ಯಾಕೆ ಗುರು, ನೇರ ಟರ್ಬೋ ಹಾಕಿ!

ಎಣ್ಣೆಕೈ

ಟರ್ಬೋ ಮಾತು ಆಮೇಲೆ. ಕ್ಲಚ್ ಒತ್ತಿದರೆ ನೆಲಕ್ಕೆ ಹೋಗುವ ಗಾಡಿಗೆ ಟರ್ಬೋ ಹಾಕಿದರೆ ನಿಂತಲ್ಲೇ ಜೋರಾಗಿ ಕೂಗುತ್ತೆ, ಅಷ್ಟೇ.

ತೆರೆದಮಾಡು ಅವರೇ, ಕಾಯಿಲ್‌ಓವರ್ ದುಡ್ಡು ಹಾಗೇ ಎತ್ತಿಡಿ. ಈ ಮಾದರಿ ಜನರ ಕಣ್ಣಿಗೆ ಮೊದಲು ಬಿದ್ದದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಮೋಟಾರು ಪ್ರದರ್ಶನದಲ್ಲಿ. ನಿಮ್ಮದು ಅದರ ಮಾರನೇ ವರ್ಷದ್ದು. ಒಳಗಿರುವ ಪ್ರತಿ ರಬ್ಬರು, ಪ್ರತಿ ಸೀಲು, ಪ್ರತಿ ಹೋಸ್ ಪೈಪಿಗೂ ಅಷ್ಟೇ ವಯಸ್ಸಾಗಿರಬಹುದು. ಕಬ್ಬಿಣ ಇಷ್ಟು ವರ್ಷ ತಡೆಯುತ್ತೆ, ರಬ್ಬರ್ ತಡೆಯಲ್ಲ. ನೀವು ಬರೆದ ನಾಲ್ಕು ತೊಂದರೆಯಲ್ಲಿ ಮೂರು ಬರೀ ಸೋರಿಕೆ ಅನ್ನೋದನ್ನ ಗಮನಿಸಿದಿರಾ? ಒಂದು ಬ್ರೇಕ್ ಆಯಿಲ್ (ಕ್ಲಚ್ ನಡೆಯೋದೂ ಅದರಿಂದಲೇ), ಒಂದು ಮಳೆ ನೀರು, ಒಂದು ಎಂಜಿನ್ ಆಯಿಲ್. ಏನು ಎಲ್ಲಿಂದ ಹೊರಗೆ ಬರ್ತಿದೆ, ಏನು ಎಲ್ಲಿಂದ ಒಳಗೆ ಹೋಗ್ತಿದೆ ಅನ್ನೋದು ಗೊತ್ತಾಗುವವರೆಗೆ ಹೊಸ ಸಾಮಾನು ಏನೂ ತರಬೇಡಿ.

ಮೊದಲು ಕ್ಲಚ್. ಬಾನೆಟ್ ಎತ್ತಿ, ಕ್ಲಚ್ಚಿನ ಪುಟ್ಟ ಡಬ್ಬಿ ಬ್ರೇಕಿನ ಡಬ್ಬಿಯಿಂದ ಬೇರೆ ಇರುತ್ತೆ. ಮುಚ್ಚಳ ತೆಗೆದು ನೋಡಿ. ಮಟ್ಟ ಇಳಿದು, ದ್ರವ ಮಸಿ ಹಾಗೆ ಕಪ್ಪಾಗಿದ್ದರೆ ಒಳಗಿನ ರಬ್ಬರ್ ಸವೆದು ಕರಗುತ್ತಿದೆ ಅಂತ ಅರ್ಥ. ಆಮೇಲೆ ಗಾಡಿ ಕೆಳಗೆ ಗೇರ್‌ಬಾಕ್ಸಿನ ಪಕ್ಕ ಸ್ಲೇವ್ ಸಿಲಿಂಡರ್ ಇದೆ, ದ್ರವದ ಒತ್ತಡದಿಂದ ಕ್ಲಚ್ಚನ್ನ ತಳ್ಳುವ ಭಾಗ. ಎರಡು ಬೋಲ್ಟಿನಲ್ಲಿ ಕೂತಿರುತ್ತೆ. ಅದರ ತುದಿಯ ರಬ್ಬರ್ ಟೋಪಿ ಮೆಲ್ಲಗೆ ಬೆರಳಲ್ಲಿ ಸರಿಸಿ. ಒಳಗೆ ಒದ್ದೆ ಇದ್ದರೆ ಅದೇ ಕಳ್ಳ. ಈ ಗಾಡಿಯಲ್ಲಿ ತುಂಬಾ ಸಾಮಾನ್ಯ.

ಕೆಳಗೆ ಹೋಗುವ ಮುಂಚೆ ಒಂದು ಮಾತು. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಕೈ ಕೂಡ ಹಾಕಬೇಡಿ, ಇನ್ನು ತಲೆ ಹಾಕೋದು ಬಿಡಿ. ಗಟ್ಟಿ ಸಮನೆಲ, ಚಕ್ರಕ್ಕೆ ಅಡ್ಡಗಟ್ಟೆ, ಎರಡು ಸ್ಟ್ಯಾಂಡು. ಮುಂದೆ ಎತ್ತೋದು ನಡುವಿನ ಕ್ರಾಸ್‌ಮೆಂಬರಿನಿಂದ, ಹಿಂದೆ ಡಿಫರೆನ್ಷಿಯಲ್ ಕೆಳಗಿನಿಂದ. ಬಾಗಿಲ ಕೆಳಗಿನ ತಗಡಿನ ಅಂಚಿಗೆ ಎಲ್ಲೆಂದರಲ್ಲಿ ಜಾಕ್ ಕೊಟ್ಟರೆ ಅದು ಮಡಿಚಿಕೊಳ್ಳುತ್ತೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಗಾಡಿಯನ್ನ ಪಕ್ಕದಿಂದ ಚೆನ್ನಾಗಿ ಅಲ್ಲಾಡಿಸಿ ನೋಡಿ. ಬೀಳೋದಾದರೆ ನೀವು ಹೊರಗಿರುವಾಗಲೇ ಬೀಳಲಿ.

ಒಂಬೈನೂರನಲವತ್ನಾಲ್ಕು

ಎಣ್ಣೆಕೈ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಗೂ ವಾಲ್ವಿಗೂ ತಾಳ ಹೊಂದಿಸುವ ಬೆಲ್ಟ್) ಯಾವಾಗ ಬದಲಾಯಿಸಿದ್ದು ಅಂತ ಕಾಗದ ಇದೆಯಾ? ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ನನ್ನದು ಪೋರ್ಷೆ 944, 1986ರದ್ದು. ಇದರಲ್ಲಿ ಬೆಲ್ಟ್ ಕಿತ್ತರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿದು ಬಾಗುತ್ತೆ. "ಇನ್ನೊಂದು ತಿಂಗಳು ನಡೆಯಲಿ" ಅಂತ ಮುಂದೂಡಿದ್ದು ನಾನೇ, ಎಂಜಿನ್ನಿನ ಹೆಡ್ ಬಿಚ್ಚಿ ಎಂಟು ವಾಲ್ವ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೂ ನಾನೇ. ಜೊತೆಗೆ ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಬೆಲ್ಟ್ ಬೇರೆ ಇದೆ ಇದರಲ್ಲಿ.

ನಿಮ್ಮ 1.6 ಎಂಜಿನ್ನಿನ ಪುಣ್ಯ, ಬೆಲ್ಟ್ ಕಿತ್ತರೂ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿ ಇಲ್ಲ. ಗಾಡಿ ದಾರಿಯಲ್ಲಿ ನಿಲ್ಲುತ್ತೆ, ಅಷ್ಟೇ. ಆದರೂ 60,000 ಮೈಲಿ, ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ಕಿ.ಮೀ.ಗೆ ಒಂದು ಸಲ ಬದಲಾಯಿಸಲೇಬೇಕು. ವಾಟರ್ ಪಂಪೂ ಅದೇ ಕೆಲಸದಲ್ಲಿ ಮುಗಿಸಿ.

ಪಾನಾಪೆಟ್ಟಿಗೆ

ನಾನು ಇದೇ ಗಾಡಿ ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದೇನೆ. ನನ್ನ ಕೈಯಲ್ಲೇ ಎಲ್ಲಾ ಕೆಲಸ. ಯಾರಾದರೂ "ಮೇಡಂ, ಗಾಡಿ ಯಾರ ಹತ್ತಿರ ಬಿಡ್ತೀರಾ" ಅಂತ ಕೇಳಿದರೆ ಉಗುರು ತೋರಿಸುತ್ತೇನೆ.

ಆಯಿಲ್ ಸೋರಿಕೆ ಬಗ್ಗೆ. ದಯವಿಟ್ಟು ಗೇರ್‌ಬಾಕ್ಸ್ ಇಳಿಸಲು ಯಾರಿಗೂ ಕೊಡಬೇಡಿ, ಇನ್ನೂ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗೆ ಆಗುತ್ತೆ. ಎಂಜಿನ್ನಿನ ಹಿಂಬದಿ, ಕ್ಯಾಬಿನ್ ಗೋಡೆಗೆ ತಾಗುವಷ್ಟು ಹತ್ತಿರದಲ್ಲಿ ಕ್ಯಾಮ್ ಆ್ಯಂಗಲ್ ಸೆನ್ಸರ್ ಅಂತ ಒಂದಿದೆ. ಅದಕ್ಕೆ ಒಂದೇ ಒಂದು ರಬ್ಬರ್ ಬಳೆ, ಓ-ರಿಂಗ್. ಮಗುವಿನ ಬೆರಳಿನ ಉಂಗುರಕ್ಕಿಂತ ಸ್ವಲ್ಪ ದೊಡ್ಡದು. ಅದು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗುತ್ತೆ. ಆಮೇಲೆ ಆಯಿಲ್ ಎಂಜಿನ್ನಿನ ಬೆನ್ನ ಮೇಲೆ ಇಳಿದು, ಸರಿಯಾಗಿ ಗೇರ್‌ಬಾಕ್ಸ್ ಸೇರುವ ಜಾಗದಲ್ಲೇ ಹನಿಯುತ್ತೆ. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಹೋದ ಹಾಗೇ ಕಾಣುತ್ತೆ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರು ಕೆಳಗಿನಿಂದ ನೋಡಿದ್ದಾರೆ, ಮೇಲಿನಿಂದ ನೋಡಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಹಿಂಬದಿಯನ್ನೆಲ್ಲ ಡೀಗ್ರೀಸರ್ ಹಾಕಿ ತೊಳೆದು ಒಣಗಿಸಿ. ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಮೂವತ್ತು ನಲವತ್ತು ಕಿ.ಮೀ. ಓಡಿಸಿ ಬಂದು, ಟಾರ್ಚು ಮತ್ತು ಪುಟ್ಟ ಕನ್ನಡಿ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಆಯಿಲ್ ನಡೆದ ದಾರಿ ಗೆರೆ ಎಳೆದ ಹಾಗೆ ಕಾಣುತ್ತೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಅದು ಸೆನ್ಸರ್ ಹತ್ತಿರ ನಿಂತರೆ ಓ-ರಿಂಗ್, ಇನ್ನೂ ಮೇಲೆ ಹೋದರೆ ವಾಲ್ವ್ ಕವರ್ ಗ್ಯಾಸ್ಕೆಟ್.

ಸೆನ್ಸರ್ ಬಿಚ್ಚುವ ಮುಂಚೆ ಅದು ಕೂತಿರುವ ಕೋನಕ್ಕೆ ಬಿಳಿ ಪೇಂಟಲ್ಲೋ ಮೊಳೆಯಲ್ಲೋ ಗುರುತು ಹಾಕಿಕೊಳ್ಳಿ. ಅದನ್ನ ತಿರುಗಿಸಿದರೆ ಇಗ್ನಿಷನ್ ಟೈಮಿಂಗೇ, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯವೇ, ಬದಲಾಗುತ್ತೆ. ಮತ್ತೆ ಹಾಕಿದ ಮೇಲೆ ಟೈಮಿಂಗ್ ಲೈಟ್ (ಆ ಸಮಯ ತೋರಿಸುವ ಮಿನುಗು ದೀಪ) ಹಿಡಿದು ಸರಿ ಇದೆಯಾ ನೋಡಬೇಕು. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್, ಜಿಎನ್‌ಡಿ ಅಂತ ಎರಡು ತೂತು ಇರುತ್ತೆ. ಅವೆರಡಕ್ಕೂ ಒಂದು ತುಂಡು ವೈರ್ ಸಿಕ್ಕಿಸಿ, ಎಂಜಿನ್ ಬಿಸಿಯಾಗಿ ಸುಮಾರು 850 ಆರ್‌ಪಿಎಂನಲ್ಲಿ ನಿಂತಾಗ ನೋಡಿ. 10 ಡಿಗ್ರಿ ತೋರಿಸಬೇಕು.

ಟಿಕ್ ಟಿಕ್ ಸದ್ದಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಹೈಡ್ರಾಲಿಕ್ ಲಿಫ್ಟರ್ ಸದ್ದು, ಆಯಿಲ್ ಒತ್ತಡದಲ್ಲಿ ವಾಲ್ವ್ ನಡೆಸುವ ಪುಟ್ಟ ಭಾಗ ಅದು. ಆಯಿಲ್ ಹಳೇದಾದರೆ ಜಾಸ್ತಿ.

ತೆರೆದಮಾಡು

ಸ್ಲೇವ್ ಸಿಲಿಂಡರ್ ಟೋಪಿ ಸರಿಸಿದೆ. ಒಂದು ಚಮಚದಷ್ಟು ಕಪ್ಪು ನೀರು ನೇರ ಕನ್ನಡಕದ ಮೇಲೆ ಬಿತ್ತು. ಕಳ್ಳ ಸಿಕ್ಕ. ಕನ್ನಡಕ ಇದ್ದಿದ್ದು ಒಳ್ಳೇದಾಯಿತು.

ಪ್ರಶ್ನೆ: ಸ್ಲೇವ್ ಒಂದೇ ಸಾಕಾ, ಮೇಲಿನ ಮಾಸ್ಟರ್ (ಪೆಡಲ್ ತುಳಿದಾಗ ದ್ರವ ತಳ್ಳುವ ಸಿಲಿಂಡರ್) ಕೂಡ ಬದಲಾಯಿಸಬೇಕಾ? ಮಾಸ್ಟರ್ ಸದ್ಯಕ್ಕೆ ಒಣಗಿದೆ.

ಎಣ್ಣೆಕೈ

ಎರಡೂ ಬದಲಾಯಿಸಿ. ಒಂದೇ ವಯಸ್ಸಿನ ರಬ್ಬರು. ಕೆಳಗಿನದು ಹೊಸದಾಗಿ ಗಟ್ಟಿಯಾದ ಮೇಲೆ ಒತ್ತಡ ಪೂರ್ತಿ ಮೇಲಿನದರ ಮೇಲೆ ಬೀಳುತ್ತೆ, ಕೆಲವು ತಿಂಗಳಲ್ಲಿ ಅದೂ ಕೈ ಕೊಡುತ್ತೆ. ಎರಡು ಸಲ ಗಾಳಿ ತೆಗೆಯುವ ಕರ್ಮ ಯಾಕೆ?

ಪೈಪಿನ ನಟ್ಟಿಗೆ ಸಾಮಾನ್ಯ ಪಾನಾ ಹಾಕಬೇಡಿ. ಅದು ಎರಡೇ ಮೂಲೆ ಹಿಡಿಯುತ್ತೆ, ಹಳೇ ನಟ್ಟು ದುಂಡಗಾಗಿ ಕೂತುಬಿಡುತ್ತೆ. ಪೈಪ್ ನಟ್ಟಿಗೆ ಅಂತಲೇ ಫ್ಲೇರ್ ನಟ್ ಪಾನಾ ಸಿಗುತ್ತೆ, ಬಾಯಿ ಮುಕ್ಕಾಲು ಮುಚ್ಚಿಕೊಂಡಿರುತ್ತೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಮಲಗಿ. ಬೆಳಿಗ್ಗೆ ಬಿಚ್ಚುವಾಗ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಕ್ಕಿನ ಹಿಡಿತ ಬಿಡುವಾಗ "ಟಕ್" ಅಂತ ಸಣ್ಣ ಸದ್ದು ಬರುತ್ತೆ. ಆ ಸದ್ದು ಬಾರದೆ ಪಾನಾ ರಬ್ಬರ್ ಹಾಗೆ ಮೆತ್ತಗೆ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರೋದು ನಟ್ಟಲ್ಲ, ಪೈಪು.

ಸ್ಲೇವ್ ಬಿಚ್ಚಿಟ್ಟಿರುವಾಗ ಯಾರೂ ಪೆಡಲ್ ತುಳಿಯದ ಹಾಗೆ ನೋಡಿಕೊಳ್ಳಿ, ಪಿಸ್ಟನ್ ಹಾರಿ ಬರುತ್ತೆ. ಗಾಳಿ ತೆಗೆಯಲು ಇನ್ನೊಬ್ಬರು ಬೇಕು. ಅವರು ತುಳಿದು ಹಿಡಿದುಕೊಳ್ಳಲಿ, ನೀವು ನಿಪ್ಪಲ್ (ಗಾಳಿ ಹೊರಬಿಡುವ ಪುಟ್ಟ ಸ್ಕ್ರೂ) ಬಿಚ್ಚಿ, ಮುಚ್ಚಿ, ಆಮೇಲೆ ಅವರು ಬಿಡಲಿ. ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಹಾಕಿ ಬಾಟಲಿಗೆ ಬಿಟ್ಟರೆ ಗುಳ್ಳೆ ನಿಂತಿದ್ದು ಕಾಣುತ್ತೆ. ದ್ರವ ಪೇಂಟ್ ಮೇಲೆ ಬಿದ್ದರೆ ಒರೆಸುತ್ತಾ ಕೂರಬೇಡಿ, ನೀರು ಸುರಿಯಿರಿ. ಪೇಂಟನ್ನೇ ತಿಂದುಹಾಕುತ್ತೆ ಅದು.

ನಾಲ್ಕನೇಗೇರು

ಬ್ರೇಕ್ ಆಯಿಲ್ ಡಾಟ್ 5 ಹಾಕಬಹುದಾ? ನಂಬರ್ ಜಾಸ್ತಿ ಅಲ್ವಾ, ಒಳ್ಳೇದು ತಾನೇ?

ಒಂಬೈನೂರನಲವತ್ನಾಲ್ಕು

ಬೇಡವೇ ಬೇಡ. ಡಾಟ್ 5 ಸಿಲಿಕೋನ್ ದ್ರವ, ಡಾಟ್ 3 ಮತ್ತು 4 ಗ್ಲೈಕಾಲ್. ಒಂದಕ್ಕೊಂದು ಬೆರೆಯಲ್ಲ. ಡಾಟ್ 4 ಹಾಕಿ. ಹೊಸದಿದ್ದಾಗ ಅದು ಕುದಿಯೋದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗಾಳಿಯ ತೇವ ಕುಡಿದ ಮೇಲೆ ಅದರ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು. ಘಾಟಿ ಇಳಿಯುವಾಗ ದ್ರವ ಕುದಿದು ಪೆಡಲ್ ಸ್ಪಂಜಿನ ಹಾಗಾದರೆ ಆಗ ಡಾಟ್ ನಂಬರ್ ನೆನಪಿಸಿಕೊಂಡು ಪ್ರಯೋಜನ ಇಲ್ಲ.

ಪಾನಾಪೆಟ್ಟಿಗೆ

ಬ್ರೇಕ್ ಮಾತು ಬಂತಲ್ಲ, ಹಿಂದಿನ ಪ್ಯಾಡ್ ಬದಲಾಯಿಸುವಾಗ ಒಂದು ಎಚ್ಚರ. ಬೈಕಲ್ಲಿ ಮಾಡಿದ ಹಾಗೆ ಪಿಸ್ಟನ್ನನ್ನ ಕ್ಲ್ಯಾಂಪ್ ಹಾಕಿ ಒತ್ತಬೇಡಿ. ಈ ಗಾಡಿಯ ಹಿಂದಿನ ಕ್ಯಾಲಿಪರ್ ಒಳಗೇ ಹ್ಯಾಂಡ್‌ಬ್ರೇಕಿನ ಯಂತ್ರ ಇದೆ. ಬಲವಂತ ಮಾಡಿದರೆ ಅದು ಹಾಳು. ಹಿಂಬದಿಯಲ್ಲಿ ಒಂದು ಬೋಲ್ಟ್ ಮುಚ್ಚಳದ ಹಾಗೆ ಇರುತ್ತೆ. ಅದನ್ನ ತೆಗೆದು ಒಳಗೆ ಅಲೆನ್ ಕೀ ಹಾಕಿ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ತಾನಾಗಿ ಒಳಗೆ ಹೋಗುತ್ತೆ. ಹೊಸ ಪ್ಯಾಡ್ ಕೂರಿಸಿದ ಮೇಲೆ ಬಲಕ್ಕೆ ತಿರುಗಿಸಿ ಪ್ಯಾಡು ಡಿಸ್ಕಿಗೆ ತಾಗಿಸಿ, ಆಮೇಲೆ ಸುತ್ತಿನ ಮೂರನೇ ಒಂದು ಭಾಗ ಹಿಂದಕ್ಕೆ. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಅಂತ ಕೇಬಲ್ ಬಿಗಿ ಮಾಡುತ್ತಾ ಹೋಗುವವರು ಮೊದಲು ಇದನ್ನ ನೋಡಿದರೆ ಅರ್ಧ ತೊಂದರೆ ಇಲ್ಲೇ ಮುಗಿಯುತ್ತೆ.

ತೆರೆದಮಾಡು

ಮೂರು ವಾರದ ವರದಿ.

ಕ್ಲಚ್: ಮಾಸ್ಟರ್, ಸ್ಲೇವ್ ಎರಡೂ ಹೊಸದು. ಫ್ಲೇರ್ ನಟ್ ಪಾನಾ ಮಾತು ಕೇಳಿದ್ದಕ್ಕೆ ನಟ್ಟು ಉಳಿಯಿತು. ಗಾಳಿ ತೆಗೆಯುವಾಗ ಪೆಡಲ್ ತುಳಿಯಲು ತಂಗಿ ಕೂತಿದ್ದಳು. ನಾನು "ಬಿಡು" ಅಂದಾಗ ತುಳಿದು, "ತುಳಿ" ಅಂದಾಗ ಬಿಟ್ಟು, ಅರ್ಧ ಗಂಟೆ ಕೆಲಸ ಎರಡು ಗಂಟೆ ಆಯಿತು. ಅವಳ ಪ್ರಕಾರ ತಪ್ಪು ನಂದೇ, ಗಾಡಿ ಕೆಳಗಿನಿಂದ ನನ್ನ ಮಾತು ಒಂದೂ ಕೇಳಿಸಲಿಲ್ಲವಂತೆ.

ಆಯಿಲ್: ಪೌಡರ್ ಗೆರೆ ಸೀದಾ ಸೆನ್ಸರಿಗೆ ಹೋಯಿತು. ಹಳೇ ಓ-ರಿಂಗ್ ತೆಗೆಯುವಾಗ ಬಳೆ ಒಡೆದ ಹಾಗೆ ಮೂರು ತುಂಡಾಯಿತು. ಹೊಸದು ಹಾಕಿ ಹತ್ತು ದಿನ, ಕೆಳಗಿಟ್ಟ ರಟ್ಟಿನ ಮೇಲೆ ಒಂದು ಹನಿ ಇಲ್ಲ. ಗೇರ್‌ಬಾಕ್ಸ್ ಇಳಿಸುವುದು ತಪ್ಪಿತು. ಪಾನಾಪೆಟ್ಟಿಗೆ ಮೇಡಂಗೆ ಸಾಷ್ಟಾಂಗ.

ಟೈಮಿಂಗ್ ಬೆಲ್ಟಿನ ಕಾಗದ ಇಲ್ಲ. ಹಾಗಾಗಿ ಅದನ್ನೂ ಮಾಡೋಣ ಅಂತಿದ್ದೇನೆ. ಒಬ್ಬನೇ ಮಾಡಬಹುದಾ?

ಎಣ್ಣೆಕೈ

ಎರಡು ದಿನ ಬಿಡುವು ಇಟ್ಟುಕೊಂಡರೆ ಮಾಡಬಹುದು. ಬಿಚ್ಚಿದ ಬೋಲ್ಟನ್ನ ಒಂದೇ ಡಬ್ಬಕ್ಕೆ ಹಾಕಬೇಡಿ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ.

ಆದರೆ 1990ರದ್ದು ಅಂದಿರಲ್ಲ, ಮೊದಲು ಇದನ್ನ ನೋಡಿ. ಕ್ರ್ಯಾಂಕ್ ಪುಲ್ಲಿಯ ಮಧ್ಯದ ಭಾಗದಲ್ಲಿ ಸೀಳು ಎಷ್ಟಿವೆ ಎಣಿಸಿ. ನಾಲ್ಕಿದ್ದರೆ ಮೊದಮೊದಲ ಗಾಡಿಗಳ ಗಿಡ್ಡ ಮೂಗಿನ ಕ್ರ್ಯಾಂಕ್. ಎಂಟಿದ್ದರೆ ಆಮೇಲೆ ಬಂದ ಉದ್ದ ಮೂಗಿನದು, ನಿಶ್ಚಿಂತೆ. ಗಿಡ್ಡದರಲ್ಲಿ ಮುಂದಿನ ದೊಡ್ಡ ಬೋಲ್ಟ್ ಸರಿಯಾಗಿ ಬಿಗಿಯಾಗದೆ ಉಳಿದರೆ ಒಳಗಿನ ಕೀ (ಜಾರದ ಹಾಗೆ ಹಿಡಿಯುವ ಪುಟ್ಟ ಲೋಹದ ತುಂಡು) ಅಲ್ಲಾಡಿ ಅಲ್ಲಾಡಿ, ಕ್ರ್ಯಾಂಕಿನಲ್ಲಿ ತಾನು ಕೂರುವ ತೋಡನ್ನೇ ತಿಂದು ಅಗಲ ಮಾಡುತ್ತೆ. ಆಗ ಟೈಮಿಂಗ್ ತಾನಾಗಿ ಹಿಂದೆ ಸರಿಯುತ್ತೆ, ಎಳೆತ ಕಡಿಮೆಯಾಗುತ್ತೆ, ಪುಲ್ಲಿ ತಿರುಗುವಾಗ ತೂರಾಡುತ್ತೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟು ಮುಂದಿನಿಂದ ಪುಲ್ಲಿ ಅಂಚು ನೋಡಿ. ಬಟ್ಟೆ, ಕೂದಲು, ಕೈ ದೂರ.

ತೆರೆದಮಾಡು

ನಾಲ್ಕು ಸೀಳು. ಎದೆ ಧಸಕ್ ಅಂತು. ಆದರೆ ಪುಲ್ಲಿ ನೇರ ತಿರುಗುತ್ತಿದೆ. ಟೈಮಿಂಗ್ ಲೈಟಲ್ಲಿ 10 ಡಿಗ್ರಿ, ವಾರ ಬಿಟ್ಟು ನೋಡಿದರೂ 10.

ಎಣ್ಣೆಕೈ

ಹಾಗಾದರೆ ಸದ್ಯ ಬಚಾವ್. ಆ ಬೋಲ್ಟ್ ಬಿಚ್ಚಿದರೆ ಹಳೇದನ್ನೇ ಮತ್ತೆ ಹಾಕಬೇಡಿ, ಹೊಸದು ತನ್ನಿ. ಒಳಗಿನ ಕೀ ಮತ್ತು ಅದು ಕೂರುವ ತೋಡಿಗೆ ಬೆಳಕು ಹಿಡಿದು ನೋಡಿ. ಟಾರ್ಕ್ ರೆಂಚ್ ಇಲ್ಲದೆ, ಸರ್ವಿಸ್ ಕೈಪಿಡಿಯ ಅಂಕಿ ಇಲ್ಲದೆ ಬಿಗಿ ಮಾಡಬೇಡಿ. "ಕೈ ಅಂದಾಜು" ಈ ಬೋಲ್ಟಿಗೆ ನಡೆಯಲ್ಲ. ಸವೆದಿದ್ದರೆ ಲಾಕ್‌ಟೈಟ್ 660 ಅನ್ನೋ ಸಂದು ತುಂಬುವ ಅಂಟು ತುಂಬಿ ಸರಿಮಾಡಿಕೊಂಡವರು ಇದ್ದಾರೆ, ಇಲ್ಲದಿದ್ದರೆ ಕ್ರ್ಯಾಂಕೇ ಬದಲಾಯಿಸಬೇಕು.

ಬೆಲ್ಟ್ ಹಾಕುವಾಗ ವಾಲ್ವ್ ನಡೆಸುವ ಎರಡು ಕ್ಯಾಮ್ ಚಕ್ರಗಳ ಮೇಲಿನ ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಬರಬೇಕು. ಎಣಿಸಿ. ಮತ್ತೆ ಎಣಿಸಿ. ಆಮೇಲೆ ಪಾನಾ ಹಾಕಿ ಕೈಯಲ್ಲೇ ಎಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸಿ, ಇನ್ನೊಮ್ಮೆ ಎಣಿಸಿ. ಅದಾದ ಮೇಲೇ ಸ್ಟಾರ್ಟ್ ಮಾಡುವ ಕೀ ಮುಟ್ಟಿ.

ಪಾನಾಪೆಟ್ಟಿಗೆ

ಕೂಲಂಟ್ ಹೇಗೂ ಇಳಿಸುತ್ತೀರಿ, ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡಿ. ಕಪ್ಪಗಿದ್ದರೆ ಸರಿ. ಕಂದು ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ, ಬಿರುಕು ಬಿಡುವ ದಿನ ನಿಮಗೆ ಹೇಳಿ ಬರಲ್ಲ.

ಕಾರ್ಪೆಟ್ ಕಥೆ ಏನಾಯಿತು? ಅದನ್ನ ಬರೆಯಲೇ ಇಲ್ಲ. ಬಟ್ಟೆ ಮಾಡಿನ ನೀರು ಹಿಂದೆ ದೋಣಿಯಂಥ ಒಂದು ಕಾಲುವೆಗೆ ಬಿದ್ದು, ಎರಡೂ ಬಾಗಿಲ ಹಿಂದಿನ ಕೊಳವೆಯಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗಬೇಕು. ಎಲೆ, ಮಣ್ಣು ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತೆ. ಆಗ ನೀರು ಕಾರ್ಪೆಟ್ಟಿಗೆ, ಬಾಗಿಲ ಕೆಳಗಿನ ಸಿಲ್ ಒಳಕ್ಕೆ. ಸ್ವಚ್ಛ ಮಾಡಲು ಮೆದು ಪ್ಲಾಸ್ಟಿಕ್ ತಂತಿ ಬಳಸಿ. ಕಬ್ಬಿಣದ ಸರಿಗೆ ಚುಚ್ಚಿದರೆ ಕೊಳವೆಯೇ ತೂತಾಗುತ್ತೆ.

ತೆರೆದಮಾಡು

ಬೆಲ್ಟ್, ಪಂಪ್, ರೇಡಿಯೇಟರ್ ಮುಗಿಯಿತು. 19 ಹಲ್ಲು, ಐದು ಸಲ ಎಣಿಸಿದೆ. ಕ್ರ್ಯಾಂಕಿನ ಕೀ ಮತ್ತು ತೋಡು ಚೆನ್ನಾಗಿದ್ದವು. ಮೊದಲ ಸಲಕ್ಕೇ ಸ್ಟಾರ್ಟ್.

ಆದರೆ ಕಾರ್ಪೆಟ್ ಮಾತಿಗೆ ಬಂದರೆ ಸುದ್ದಿ ಒಳ್ಳೇದಲ್ಲ. ಎರಡೂ ಕೊಳವೆಯಿಂದ ಹಿಡಿಯಷ್ಟು ಕಪ್ಪು ಕೆಸರು ಬಂತು. ಆಮೇಲೆ ಸಿಲ್ಲನ್ನ ಮುಂದಿನಿಂದ ಹಿಂದಕ್ಕೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟುತ್ತಾ ಹೋದೆ. ಠಣ್, ಠಣ್, ಠಣ್. ಹಿಂದಿನ ಚಕ್ರ ಇನ್ನು ಒಂದು ಗೇಣು ಇದೆ ಅನ್ನುವಾಗ, ಧಪ್. ಪೇಂಟ್ ಫಳಫಳ ಅಂತಲೇ ಇತ್ತು. ಸ್ವಲ್ಪ ಒತ್ತಿದೆ, ಸ್ಕ್ರೂಡ್ರೈವರ್ ಒಳಗೆ ಹೋಯಿತು. ಒಳಗೆ ಪುಟ್ಟಿ, ಅದರ ಹಿಂದೆ ಏನೂ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ನಾನು ಗಾಡಿ ಸಮೇತ ಖರೀದಿಸಿದ್ದೇನೆ. ಎಡಗಡೆ ಮಾತ್ರ, ಬಲ ಗಟ್ಟಿ ಇದೆ.

ಇದನ್ನೂ ಮನೆಯಲ್ಲೇ ಮಾಡಬಹುದಾ?

ಎಣ್ಣೆಕೈ

ಇಲ್ಲ. ಇಲ್ಲಿ ನಾನು ಕೈ ಎತ್ತುತ್ತೇನೆ. ಮಾಡು ತೆರೆಯುವ ಗಾಡಿಗೆ ಮೇಲೆ ಕಬ್ಬಿಣ ಇಲ್ಲ, ಅದರ ಬೆನ್ನೆಲುಬು ಸಿಲ್ಲೇ. ಅದನ್ನ ಕತ್ತರಿಸುವ ಮುಂಚೆ ಗಾಡಿಗೆ ಸರಿಯಾದ ಆಧಾರ ಕೊಟ್ಟು, ಬಾಗಿಲ ಜಾಗಕ್ಕೆ ಅಡ್ಡ ಸಲಾಕೆ ಬಿಗಿಯಬೇಕು. ಇಲ್ಲದಿದ್ದರೆ ನಡು ಬಗ್ಗಿ, ಆಮೇಲೆ ಬಾಗಿಲು ಮುಚ್ಚೋದೇ ಇಲ್ಲ. ಇಂಥ ಗಾಡಿ ಮಾಡಿ ಗೊತ್ತಿರುವ ವೆಲ್ಡರ್ ಹುಡುಕಿ. ಸಲಾಕೆ ಹಾಕ್ತೀರಾ ಅಂತ ಕೇಳಿ. "ಯಾಕೆ?" ಅಂತ ಕೇಳಿದರೆ ಎದ್ದು ಬನ್ನಿ.

ಅಲ್ಲಿಯವರೆಗೆ ಆ ಬದಿಗೆ ಜಾಕ್ ಕೊಡಬೇಡಿ, ಗಾಡಿ ಓಡಿಸಲೂಬೇಡಿ.

ನಾಲ್ಕನೇಗೇರು

ಅಂದರೆ ಟರ್ಬೋ ಈ ವರ್ಷ ಇಲ್ಲ.

ತೆರೆದಮಾಡು

ಕಾಯಿಲ್‌ಓವರ್ ದುಡ್ಡು ಸಿಲ್ಲಿಗೆ ಹೋಯಿತು ಗುರು. ಸಲಾಕೆ ಹಾಕುವ ವೆಲ್ಡರ್ ಸಿಕ್ಕಿದರು. ನಾನು ಕೇಳುವ ಮುಂಚೆ ಅವರೇ ಹೇಳಿದರು. ಕೆಲಸ ಮುಗಿದು ಒಳಗೆಲ್ಲ ಮೇಣ ಸಿಂಪಡಿಸಿ ಕೊಟ್ಟಿದ್ದಾರೆ. ಬಾಗಿಲು ಒಂದೇ ಬೆರಳಲ್ಲಿ ಮುಚ್ಚುತ್ತೆ.

ನಿನ್ನೆ ರಾತ್ರಿ ಪೂರ್ತಿ ಮಳೆ. ಗಾಡಿ ಹೊರಗೇ ಬಿಟ್ಟು, ಕಾರ್ಪೆಟ್ ತೆಗೆದು ಎರಡೂ ಕಡೆ ನ್ಯೂಸ್‌ಪೇಪರ್ ಹಾಸಿದ್ದೆ. ಬೆಳಿಗ್ಗೆ ನೋಡಿದರೆ ಎಡಗಡೆ ಹಾಳೆ ಗರಿಗರಿ. ಬಲಗಡೆ ಮುಂದಿನ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಒದ್ದೆ.

ಪಾನಾಪೆಟ್ಟಿಗೆ

ಮುಂದಿನ ಮೂಲೆ ಅಂದರೆ ಕೊಳವೆ ಅಲ್ಲ. ಬಲಗಡೆ ಕಿಟಕಿ ಗಾಜಿನ ಮುಂದಿನ ರಬ್ಬರ್ ನೋಡಿ. ಒಂದು ಕಾಗದದ ಚೂರು ರಬ್ಬರಿಗೂ ಗಾಜಿಗೂ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ಎಲ್ಲಿ ಸಲೀಸಾಗಿ ಜಾರಿ ಬರುತ್ತೋ ಅಲ್ಲಿಂದಲೇ ನೀರು.